ಅಕ್ಕನ ಅಂಗಳದ ಏರುಮಡಿ

ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಒಂದು ಶನಿವಾರ. ಏಳನೇ ಇಯತ್ತೆ, ಬೆಳಗಿನ ಶಾಲೆ. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಶಾಲೆಯ ಕಡೆ ತಿರುಗುವ ಬದಲು ಎದುರಿಗೆ ನಿಂತಿದ್ದ ಕಾರವಾರದ ಬಸ್ಸು ಹತ್ತಿದೆ. ಮಾಸ್ತರರು ಹುಡುಕಲಿಲ್ಲ. ಒಂದು ತಲೆನೋವು ತಾನಾಗಿ ಇಳಿಯಿತು ಎಂದು ಸಂತೋಷಪಟ್ಟಿರಬೇಕು. ಆಮೇಲೆ ಗೋವೆಯ ಹೊಟೇಲು, ರತ್ನಾಗಿರಿಯ ಮಾವಿನ ತೋಟ, ಮಲ್ಪೆಯ ಬೋಟು ಅಂತ ಸುತ್ತಿದ್ದೇ ಸುತ್ತಿದ್ದು. ಎಲ್ಲಿ ಹೋದರೂ ಜನ ಏನಾದರೊಂದು ಮಂಗಾಟ ಮಾಡುತ್ತಲೇ ಇರುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಆದರೆ ಶಿರವಾಡದಲ್ಲಿರುವ ನನ್ನ ಅಕ್ಕನ ಮನೆಯವರು ಮಾತ್ರ ನಾನು ಬರುವವರೆಗೆ ಕಾದು, ನಾನು ಚೀಲ ಇಳಿಸಿ ನೀರು ಕುಡಿದ ಮೇಲೆ ಶುರು ಮಾಡುತ್ತಾರೆ. ಈ ವರ್ಷ ಮಳೆಗಾಲಕ್ಕೆ ಮುಂಚೆ ನಾನು ಅಲ್ಲಿ ಹೋಗಿ ಬಿದ್ದಾಗ ಸಿಕ್ಕಿದ್ದು ತರಕಾರಿ ಕಟ್ಟೆ.

ಅಂಗಳದ ತಕರಾರು

ನಮ್ಮ ಭಾವ ಸರಕಾರಿ ಕಚೇರಿಯಲ್ಲಿ ಮೇಜು ಸವೆಸಿ ನಿವೃತ್ತರಾದವರು. ಈಗ ದಿನಾ ಬೆಳಿಗ್ಗೆ ಕಾರವಾರದ ಸಮುದ್ರದ ದಂಡೆಯಲ್ಲಿ ತಮ್ಮಂಥವರ ಜೊತೆ ವಾಕಿಂಗ್ ಮಾಡುತ್ತಾರೆ. ನಡೆಯುವುದು ಸ್ವಲ್ಪ, ನಿಂತು ದೇಶ ನಡೆಸುವುದು ಹೆಚ್ಚು. ಈ ವಾಕಿಂಗ್ ಮಂಡಳಿಯ ಎಲ್ಲರ ಮನೆ ಅಂಗಳಕ್ಕೂ ಇಂಟರ್‌ಲಾಕ್ ಟೈಲ್ಸು ಬಿದ್ದಿದೆ. ಬೇಸಿಗೆಯಲ್ಲಿ ಅದರ ಮೇಲೆ ಬರಿಗಾಲಲ್ಲಿ ನಿಂತರೆ ಕಾವಲಿಯ ಮೇಲಿನ ದೋಸೆಯ ಕಷ್ಟ ಏನೆಂದು ತಿಳಿಯುತ್ತದೆ. ಆದರೂ ಮಂಡಳಿಯಲ್ಲಿ ಮಣ್ಣಿನ ಅಂಗಳ ಇದ್ದವನೆಂದರೆ ಲುಂಗಿ ಉಟ್ಟು ಮದುವೆಗೆ ಬಂದವನ ಹಾಗೆ. ಟೈಲ್ಸು ಹಾಕುವ ಕಾಂಟ್ರಾಕ್ಟರನೂ ಆ ಮಂಡಳಿಯಲ್ಲಿದ್ದಾನೆ. ಉಳಿದವರು ಸಮುದ್ರ ನೋಡುತ್ತ ನಡೆದರೆ ಅವನು ಅಂಗಳ ನೋಡುತ್ತ ನಡೆಯುವವನು.

ಅಕ್ಕನಿಗೆ ಅಂಗಳವೆಂದರೆ ಹರಿವೆ, ಬೆಂಡೆ, ಹೀರೆ. ತೊಂದರೆ ಏನೆಂದರೆ, ಮನೆ ಎದುರಿನ ರಸ್ತೆಯನ್ನು ರಿಪೇರಿ ಮಾಡಿದಾಗೆಲ್ಲ ಎತ್ತರಿಸಿದ್ದಾರೆ. ಈಗ ಮಳೆ ಬಂತೆಂದರೆ ರಸ್ತೆಯ ನೀರೆಲ್ಲ ಅಕ್ಕನ ಅಂಗಳಕ್ಕೆ ಬಂದು ಕೂತುಕೊಳ್ಳುತ್ತದೆ. ಬಿತ್ತಿದ್ದೆಲ್ಲ ಕೊಳೆಯುತ್ತದೆ. ಭಾವ ಅದನ್ನೇ ಹಿಡಿದರು. ಹೇಗೂ ಏನೂ ಬೆಳೆಯುವುದಿಲ್ಲ, ಟೈಲ್ಸು ಹಾಕಿಸಿಬಿಡೋಣ ಎಂದರು. ಅಕ್ಕ, ಕೆಳಗೆ ನೀರು ನಿಂತರೆ ಮಣ್ಣನ್ನು ಮೇಲೆ ಎತ್ತೋಣ, ಅಂಗಳ ಮುಚ್ಚುವುದು ಯಾಕೆ ಎಂದಳು.

ಕೊನೆಗೆ ಒಂದು ಕರಾರಾಯಿತು. ನಮ್ಮ ಕಡೆ ಚವತಿಯಲ್ಲಿ ಗಣಪತಿಯ ಮೇಲ್ಗಡೆ ಮರದ ಚೌಕಟ್ಟು ತೂಗಿಸಿ ಅದಕ್ಕೆ ತರಕಾರಿ, ಹಣ್ಣು, ಕಾಡುಕಾಯಿ ಎಲ್ಲ ಕಟ್ಟುತ್ತೇವೆ, ಅದು ಫಲಾವಳಿ. ಈ ಸಲ ಫಲಾವಳಿಯ ತರಕಾರಿ ಅಕ್ಕನ ಅಂಗಳದ್ದೇ ಆದರೆ ಅಂಗಳ ಅಕ್ಕನದು. ಪೇಟೆಯಿಂದ ತಂದು ಕಟ್ಟಬೇಕಾಗಿ ಬಂದರೆ, ಚವತಿ ಮುಗಿದ ಕೂಡಲೇ ಟೈಲ್ಸು. ಭಾವ ಇದನ್ನು ಮಂಡಳಿಯ ಮುಂದೆಯೂ ಹೇಳಿ ಬಂದರು. ಅದರಿಂದ ಹಿಂದೆ ಸರಿಯಲು ದಾರಿ ಉಳಿಯಲಿಲ್ಲ.

ಈ ಮಾತುಕತೆಗೆ ಸಾಕ್ಷಿ ಪಕ್ಕದ ಮನೆಯಾಕೆ, ಎಲ್ಲರ ಬಾಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ. ಮೀನು ಮಾರುವ ಹೆಂಗಸು, ಮೂಲ ಚೆಂಡಿಯಾ ಊರಿನವಳು. ಅವರ ಮನೆ, ಹಿತ್ತಲು ಎಲ್ಲ ನೇವಿಯ ನೌಕಾನೆಲೆಗೆ ಹೋದ ಮೇಲೆ ಈ ಕಡೆ ಬಂದು ನೆಲೆಸಿದವಳು. ಬುಟ್ಟಿ ಇಳಿಸಿ, ಭಾವನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು.

"ನಮ್ಮ ಹಿತ್ತಲ ತಗೊಳ್ಳೂಕೆ ಒಂದು ನೇವಿ ಬೇಕಾಯ್ತು, ಸಾಹೇಬ್ರೆ. ನಿಮ್ದಕ್ಕೆ ಒಬ್ಬ ಟೈಲ್ಸಿನವ ಸಾಕಾ?"

ಹಲಗೆಯ ಪೆಟ್ಟಿಗೆ

ಅಕ್ಕ ಸೋಲಬೇಕೆಂದು ಆಸೆಯಿದ್ದರೂ ಕೆಲಸ ಮಾತ್ರ ಪದ್ಧತಿ ಪ್ರಕಾರ ಆಗಬೇಕೆನ್ನುವವರು ಭಾವ. ಕಚೇರಿಯ ಚಾಳಿ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಸುತ್ತ ಅಡ್ಡ ಕಟ್ಟಿ ಮಣ್ಣು ಏರಿಸುವುದಕ್ಕೆ 'ಏರುಮಡಿ' ಎನ್ನುತ್ತಾರೆಂದು ಕಂಡುಹಿಡಿದರು. ಎಂಟು ದಿನ ಊಟದ ಹೊತ್ತಿಗೆ ಅದೇ ಸಭೆ. ತಗಡಿನದು ಬೇಡ, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ಕು ಬೇಡ, ಮಂಡಳಿಯಲ್ಲಿ ಒಬ್ಬರು ಪರಿಸರದವರಿದ್ದಾರೆ. ಬಿದಿರು ಬಡವರದು. ಕಡೆಗೆ ಮರದ ಹಲಗೆ ಎಂದಾಯಿತು.

ಯಾವುದೋ ಮಶೀನು ಬಂದ ಪೆಟ್ಟಿಗೆಯ ಹಲಗೆ ಸೋವಿಯಲ್ಲಿ ಸಿಕ್ಕಿತು. ವಿದೇಶಿ ಮರ, ನೂರು ವರ್ಷ ಬಾಳುತ್ತದೆ ಎಂದು ಭಾವ ಅದನ್ನು ತಟ್ಟಿ ತಟ್ಟಿ ತೋರಿಸಿದರು. ನಾನು ಮೊಳೆ ಹೊಡೆದೆ. ಮಣ್ಣು ತುಂಬಿದೆವು. ಭಾವ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಮಂಡಳಿಗೆ ಕಳಿಸಿದರು.

ನಮ್ಮ ಊರಿನ ಒರಲೆ ಹುಳಗಳು ತಲೆತಲಾಂತರದಿಂದ ಹಲಸು, ಮತ್ತಿ, ಹುಣಸೆಯಂಥ ಗಟ್ಟಿ ಮರ ಕಡಿದು ಹಲ್ಲು ಸವೆಸಿಕೊಂಡವು. ಅವಕ್ಕೆ ಈ ಮೆತ್ತಗಿನ ವಿದೇಶಿ ಹಲಗೆ ಶಿರಾ ಬಡಿಸಿದ ಹಾಗಾಯಿತು. ಅವು ಬಿಟ್ಟದ್ದರ ಮೇಲೆ ಮೊದಲ ಮಳೆ ಬಿತ್ತು. ಒಂದು ಬೆಳಿಗ್ಗೆ ಪೆಟ್ಟಿಗೆಯ ನಾಲ್ಕೂ ಬದಿ ಕಳಚಿ ಮಣ್ಣು ಅಂಗಳಕ್ಕೆ ಮಲಗಿತ್ತು. ಉಳಿದ ತುಂಡುಗಳ ಮೇಲೆ ಬಿಳಿ ಅಣಬೆ ಸಾಲಾಗಿ ಎದ್ದಿತ್ತು.

ಭಾವ ಅದರ ಫೋಟೋವನ್ನೂ ಮಂಡಳಿಗೆ ಕಳಿಸಿದರು: "ಮೊದಲ ಬೆಳೆ."

ಗವಂಡಿಯ ಕೈ

ಇನ್ನು ಕಲ್ಲಿನದೇ ಸರಿ ಎಂದು ಕಿನ್ನರ ಎಂಬ ಊರಿನಿಂದ ಒಬ್ಬ ಗವಂಡಿಯನ್ನು ಕರೆಸಿದರು. ಒಳ್ಳೆಯ ಕೆಲಸಗಾರ. ಬಾಯಲ್ಲಿ ಎಲೆ ಅಡಿಕೆ ಇರುವುದರಿಂದ ಮಾತು ಕಡಿಮೆ. ಅಕ್ಕನಿಗೆ ಸೊಂಟ ಬಗ್ಗುವುದಿಲ್ಲ, ನಿಂತೇ ಕಳೆ ಕೀಳುವಷ್ಟು ಎತ್ತರಕ್ಕೆ ಕಟ್ಟು ಎಂದು ಭಾವ ಹೇಳಿ, ಮಧ್ಯಾಹ್ನದ ನಿದ್ದೆಗೆ ಹೋದರು. ನಾನು ಚಿರೇಕಲ್ಲು ಹೊತ್ತು ಕೊಟ್ಟೆ.

ಎರಡು ದಿನದಲ್ಲಿ ಕಟ್ಟೆ ಎದ್ದಿತು. ಗಟ್ಟಿಮುಟ್ಟು, ಮೂಲೆಗೆ ಮೂಲೆ ಕೂಡಿದೆ, ಮೇಲೆ ಸಿಮೆಂಟಿನ ಗಿಲಾವು. ಎಲ್ಲ ಸರಿ. ಆದರೆ ಪೂರ್ವದ ಬದಿಗೆ, ನಡುಮಧ್ಯದಲ್ಲಿ, ಸಣ್ಣ ಕಮಾನಿನ ಒಂದು ಗೂಡು. ದೀಪ ಇಡುವ ಗೂಡು, ತುಳಸಿ ಕಟ್ಟೆಗೆ ಇರುತ್ತದಲ್ಲ, ಅದೇ.

ಭಾವ ಇದನ್ನು ಯಾರು ಇಡಲು ಹೇಳಿದರೆಂದು ಕೇಳಿದರು. ಗವಂಡಿ ಎಲೆ ಅಡಿಕೆ ಉಗಿದು ಬಂದ. ಅಷ್ಟು ಮುಖ್ಯವಾದ ಮಾತೆಂದು ಆಗಲೇ ಗೊತ್ತಾಯಿತು.

"ಹೇಳೂದೆಂತದು? ಅಂಗಳದಲ್ಲಿ ಕಟ್ಟೆ, ಪೂರ್ವಕ್ಕೆ ಮುಖ. ಗೂಡು ನಾ ಇಡೂದಲ್ಲ, ಕೈಯೇ ಇಡ್ತದೆ."

ಮುಚ್ಚು ಎಂದರೆ ಕೇಳಲಿಲ್ಲ. ಇಟ್ಟ ದೀಪದ ಗೂಡನ್ನು ಮುಚ್ಚಿದರೆ ಯಾರಿಗೆ ಏನಾಗುತ್ತದೋ, ತನಗೆ ಹೆಂಡತಿ ಮಕ್ಕಳಿದ್ದಾರೆ ಎಂದು ಸಾಮಾನು ಕಟ್ಟಿಕೊಂಡು ಹೋದ. ಅಕ್ಕ ಕಟ್ಟೆಗೆ ಮಣ್ಣು ತುಂಬಿಸಿ ಬೀಜ ಬಿತ್ತಿ, ಉಳಿದ ಬೆಂಡೆ, ಹೀರೆ ಬೀಜದ ಪೊಟ್ಟಣ ಆ ಗೂಡಿನಲ್ಲಿ ಇಟ್ಟಳು.

ಮರುದಿನ ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಕೈಮುಗಿದಳು. ಗುರುವಾರ ಯಾರೋ ಒಂದು ಹಣತೆ ಇಟ್ಟು ಹೋದರು. ಶುಕ್ರವಾರ ದಾಸವಾಳ ಬಂತು. ಭಾವ ಚಪ್ಪಲಿ ಮೆಟ್ಟಿ ಕಟ್ಟೆಯ ಹತ್ತಿರ ನಿಂತು ಬೀಜ ಮೊಳೆತಿದೆಯೋ ಎಂದು ಬಗ್ಗಿ ನೋಡುವಾಗ, ಗುರುತಿಲ್ಲದ ಅಜ್ಜಿಯೊಬ್ಬಳು ಬೇಲಿಯ ಆಚೆಯಿಂದ ಬೈದಳು. ಇಷ್ಟು ಓದಿದವರು, ಇಷ್ಟೂ ತಿಳಿಯುವುದಿಲ್ಲವೇ ಎಂದಳು. ಅಂದಿನಿಂದ ಭಾವ ಸ್ನಾನ ಮಾಡದೆ ಕಳೆ ಕೀಳುವಂತಿಲ್ಲ ಎಂದಾಯಿತು. ಯಾವ ದೇವರು ಎಂದು ಕೇಳಿದವರಿಗೆ ಅಕ್ಕ ನಿಜವನ್ನೇ ಹೇಳುತ್ತಿದ್ದಳು, ದೇವರಲ್ಲ, ಬೆಂಡೆಕಾಯಿ ಎಂದು. ಅವರು ತಲೆದೂಗಿ, ಹೆಸರು ಹೇಳಬಾರದ ದೇವರಿರಬೇಕು ಎಂದುಕೊಂಡು ಇನ್ನಷ್ಟು ಭಕ್ತಿಯಿಂದ ಕೈಮುಗಿಯುತ್ತಿದ್ದರು.

ಹಿಂದಿನ ಓಣಿಯ ಒಬ್ಬಾಕೆ ಮಗನಿಗೆ ನೌಕರಿ ಸಿಗಲಿ ಎಂದು ಅಲ್ಲಿ ಹರಕೆ ಹೇಳಿಕೊಂಡಳು. ಅವನಿಗೆ ನೌಕರಿ ಸಿಕ್ಕಿತು. ನಮ್ಮ ಬೆಂಡೆ ಇನ್ನೂ ಮೊಳೆತಿರಲಿಲ್ಲ.

ಯಾವ ಮೀನು

ಮೊಳೆತ ಮೇಲೂ ಗಿಡಗಳಿಗೆ ಜೀವವಿಲ್ಲ. ಹಳದಿ ಎಲೆ, ಸೊರಗಿದ ಕಾಂಡ. ಮಾವಶಿ ಒಂದು ಬುಟ್ಟಿ ಹಳೆಯ ಒಣ ತಾರ್ಲೆ ತಂದಳು. ತೆಂಗಿನ ಬುಡಕ್ಕೆ ಹಾಕುವ ಮೀನು ಇಲ್ಲಿಗೂ ಆಗುತ್ತದೆ, ಎಂಟು ದಿನ ನೋಡಿ ಎಂದಳು. ಭಾವನಿಗೆ ಇಕ್ಕಟ್ಟು. ಗೂಡಿನಲ್ಲಿ ದೀಪ, ಮೇಲೆ ಮೀನು. ಬೇಲಿಯ ಆಚೆಯ ಅಜ್ಜಿಗೆ ಗೊತ್ತಾದರೆ ಗತಿ ಏನು? ಅದರ ಮೇಲೆ, ಆ ತರಕಾರಿ ಗಣಪತಿಯ ಫಲಾವಳಿಗೆ ಹೋಗುವಂಥದ್ದು. ಭಟ್ಟರನ್ನು ಕೇಳದೆ ಆಗದು ಎಂದರು.

ಭಟ್ಟರು ಯಾರದೋ ಮನೆಯ ಸತ್ಯನಾರಾಯಣ ಮುಗಿಸಿ ಬರುವಾಗ ಸಿಕ್ಕರು. ಭಾವ ಎಲ್ಲ ವಿವರಿಸಿದರು: ಕಟ್ಟೆ, ಗೂಡು, ಗೊಬ್ಬರ, ಗಣಪತಿ. ಭಟ್ಟರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಶಾಸ್ತ್ರದ ಯಾವ ಮೂಲೆಯನ್ನು ಹುಡುಕುತ್ತಿದ್ದಾರೋ ಎಂದು ನಾವು ಉಸಿರು ಬಿಗಿಹಿಡಿದು ನಿಂತೆವು. ಕಣ್ಣು ತೆರೆದು ಕೇಳಿದರು:

"ಯಾವ ಮೀನು?"

ತಾರ್ಲೆ ಎಂದೆ. ಹಾಗಾದರೆ ಅಡ್ಡಿಯಿಲ್ಲ, ಇಸವಣದಂಥ ರುಚಿಯ ಮೀನಾಗಿದ್ದರೆ ಮಣ್ಣಿಗೆ ಹಾಕುವುದು ಪಾಪ ಎಂದರು.

ಗೊಬ್ಬರ ಬಿದ್ದ ದಿನವೇ ಶಿರವಾಡದ ಬೆಕ್ಕುಗಳಿಗೆಲ್ಲ ಸುದ್ದಿ ಮುಟ್ಟಿತು. ಕಾಗೆ ಬಂತು, ಮುಂಗುಸಿ ಬಂತು. ಕೆದರಿದ್ದೇ ಕೆದರಿದ್ದು. ಮಾವಶಿ ತನ್ನ ಮನೆಯ ಹಳೆಯ ಬಲೆ ತಂದು ಕಟ್ಟೆಯ ಮೇಲೆ ಹೊದಿಸಿದಳು. ಮಾರನೆಯ ಬೆಳಿಗ್ಗೆ ಭಾವ ವಾಕಿಂಗಿಗೆ ಹೊರಡುವ ಮೊದಲು ಗಿಡ ನೋಡಲು ಹೋದವರು ಬಲೆಯೊಳಗೆ ಕೈ ಹಾಕಿದರು. ಕೈಗಡಿಯಾರ ಬಲೆಗೆ ಸಿಕ್ಕಿಬಿತ್ತು. ಅದನ್ನು ಬಿಡಿಸಲು ಹೋಗಿ ಅಂಗಿಯ ಗುಂಡಿ ಸಿಕ್ಕಿತು, ಆಮೇಲೆ ಕನ್ನಡಕ, ಆಮೇಲೆ ಕಾಲು. ನಾನು ಬರುವಾಗ ಸುತ್ತಿಕೊಂಡು ಅಂಗಳದಲ್ಲಿ ಮಲಗಿದ್ದರು. ಯಾರೂ ಬರುವುದು ಬೇಡ ಎಂದು ಸಣ್ಣ ದನಿಯಲ್ಲಿ ಹೇಳುತ್ತಿದ್ದರು, ಆದ್ದರಿಂದ ನಾನು ಮಾವಶಿಯನ್ನು ಕರೆದೆ.

ಮಾವಶಿ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು. ಕಾಲಿನಿಂದ ಮೆಲ್ಲಗೆ ಒಂದು ಮಗ್ಗುಲು ಹೊರಳಿಸಿದಳು.

"ಈ ಜಾತಿಗೆ ಮಾರ್ಕೆಟ್ಟಿಲ್ಲ. ಬಿಡಿಸಿ ವಾಪಸ್ ಬಿಡೂದೇ."

ಜೀವಂತ ಬೆಳೆ

ಗವಂಡಿ ಗೂಡಿಗೆ ಕೊಟ್ಟ ಗಮನದಲ್ಲಿ ಕಾಲು ಭಾಗ ನೀರು ಹೋಗುವ ತೂತಿಗೆ ಕೊಡಲಿಲ್ಲ. ಅವನು ಮೊದಲು ನೀರಿನ ಟಾಂಕಿ ಕಟ್ಟುತ್ತಿದ್ದವನಂತೆ. ಒಂದು ಹನಿ ಸೋರಿದರೆ ಮರ್ಯಾದೆ ಹೋಯಿತು ಎಂಬ ಜಾತಿ. ಆಷಾಢದ ಮಳೆ ಒಂದು ವಾರ ಬಿಡದೆ ಹೊಡೆಯಿತು. ಅಂಗಳದ ನೀರಿನಿಂದ ತಪ್ಪಿಸಲು ಕಟ್ಟಿದ ಕಟ್ಟೆಯಲ್ಲಿ ಅಂಗಳದ್ದಕ್ಕಿಂತ ಎತ್ತರಕ್ಕೆ ನೀರು ನಿಂತಿತು. ಕಪ್ಪೆಗಳು ಹಾಡಲು ಶುರುಮಾಡಿದವು. ಭಾವನಿಗೆ ಒಳಗೊಳಗೇ ಖುಷಿ. ಟೈಲ್ಸಿನ ಕಾಂಟ್ರಾಕ್ಟರನೂ ಬಂದು ಇಣುಕಿ, ಪಾಪ ವೈನಿ ಎಷ್ಟು ಕಷ್ಟಪಟ್ಟರು ಎಂದು ಮರುಗಿ, ಅದೇ ಉಸಿರಿನಲ್ಲಿ ಟೈಲ್ಸು ಕೆಂಪೋ ಹಳದಿಯೋ ಎಂದು ಕೇಳಿ ಹೋದ.

ಅಷ್ಟರಲ್ಲಿ ಡೆಂಗೀ ಸರ್ವೆಗೆ ಆಶಾ ಕಾರ್ಯಕರ್ತೆ ಬಂದಳು. ಕಟ್ಟೆಯಲ್ಲಿ ಸೊಳ್ಳೆಯ ಹುಳ ಕಂಡು, ಭಾವನಿಗೆ ಆರೋಗ್ಯದ ಬಗ್ಗೆ ಒಂದು ಸಣ್ಣ ಭಾಷಣ ಮಾಡಿ, ಡಬ್ಬಿಯಿಂದ ಗಪ್ಪಿ ಮೀನು ಸುರಿದಳು. ಅವು ಬೆಂಡೆ ಗಿಡಗಳ ನಡುವೆ ಆರಾಮಾಗಿ ಈಜಾಡಿದವು.

ಅಕ್ಕ ಅಂದು ಹಿತ್ತಲ ಬಾಗಿಲಲ್ಲಿ ಕೂತು ಮಳೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ಸುತ್ತಿಗೆ, ಉಳಿ ತಂದು ನನ್ನ ಕೈಗೆ ಕೊಟ್ಟಳು. "ಹೊಡಿ ತಮಾ, ಬುಡಕ್ಕೆ ನಾಲ್ಕು ತೂತ. ದೇವ್ರು ಇದ್ರೆ ಅದಕ್ಕೂ ಥಂಡಿ ಆಗಿರ್ತದೆ."

ಹೊಡೆದೆ. ನೀರು ಇಳಿಯಿತು. ಗಪ್ಪಿಗಳನ್ನು ಮಾವಶಿ ಒಂದೊಂದೇ ಹಿಡಿದು ಕೊಡಪಾನಕ್ಕೆ ಹಾಕಿದಳು. ಇಷ್ಟು ವರ್ಷ ಮೀನು ಮಾರಿದ್ದೇನೆ, ಬೆಂಡೆ ಗಿಡದಿಂದ ಹಿಡಿದದ್ದು ಇದೇ ಮೊದಲು ಎಂದಳು.

ಮಾದಲಕಾಯಿ

ಶ್ರಾವಣದ ಹೊತ್ತಿಗೆ ಕಟ್ಟೆ ಹಸಿರು ಹಸಿರಾಗಿ ಉಕ್ಕಿತು. ತಾರ್ಲೆ ತನ್ನ ಕೆಲಸ ಮಾಡಿತ್ತು, ಆದರೆ ಅರ್ಧ ಮಾತ್ರ. ಬೆಂಡೆ ನನ್ನ ತಲೆ ದಾಟಿ ಬೆಳೆಯಿತು, ಹೀರೆ ಬಳ್ಳಿ ಗೇಟಿನವರೆಗೆ ಹಬ್ಬಿತು, ಮೊಗೆಸೌತೆಯ ಬಳ್ಳಿ ರಸ್ತೆ ದಾಟುವ ಅಂದಾಜಿನಲ್ಲಿತ್ತು. ಎಲೆಯೇ ಎಲೆ. ಬಂದ ಹೂವೆಲ್ಲ ಮಳೆಗೆ ಉದುರಿತು. ಕಾಯಿ ಮಾತ್ರ ಇಲ್ಲ. ಭಾವ ದೂರದಿಂದ ಎಲೆಯ ಫೋಟೋ ತೆಗೆದು ತೆಗೆದು ಮಂಡಳಿಗೆ ಕಳಿಸಿ, ತಮ್ಮ ಪದ್ಧತಿ ಹೇಗೆ ಫಲಿಸಿತು ಎಂದು ಬರೆಯುತ್ತಿದ್ದರು. ಟೈಲ್ಸೂ ಬೇಕು, ಶಹಬ್ಬಾಸೂ ಬೇಕು.

ಚವತಿಗೆ ಮೊದಲಿನ ಭಾನುವಾರ ವಾಕಿಂಗ್ ಮುಗಿಸಿ ನಿಮ್ಮ ತೋಟ ನೋಡಲು ಬರುತ್ತೇವೆ ಎಂದು ಮಂಡಳಿ ತಿಳಿಸಿತು. ಕಾಂಟ್ರಾಕ್ಟರ್ ಅಳತೆ ಟೇಪು ತರುತ್ತೇನೆ ಎಂದ.

ಶನಿವಾರ ಸಂಜೆ ಅಕ್ಕ ನನ್ನನ್ನು ಮಾರ್ಕೆಟ್ಟಿಗೆ ಅಟ್ಟಿದಳು. ಅಂಕೋಲೆ ಕಡೆಯ ಹೆಂಗಸರು ಫಲಾವಳಿಯ ಸಾಮಾನು ಗುಡ್ಡೆ ಹಾಕಿ ಕೂತಿದ್ದರು. ಹೀರೆ, ಮೊಗೆ, ಬೆಂಡೆ, ಜೊತೆಗೆ ಅಕ್ಕ ಹೇಳದೇ ಇದ್ದರೂ ಚಂದ ಕಂಡಿತೆಂದು ಒಂದು ದೊಡ್ಡ ಮಾದಲಕಾಯಿ, ಲಿಂಬೆಯ ಅಣ್ಣನಂಥದ್ದು, ತೆಂಗಿನಕಾಯಿಯಷ್ಟಿತ್ತು, ತಂದೆ.

ಭಾನುವಾರ ಭಾವ ದಂಡೆಗೆ ಹೊರಟ ಕೂಡಲೇ ಕೆಲಸ ಶುರು. ನಾನು ಗೇಟಿನಲ್ಲಿ ಕಾವಲು. ಅಕ್ಕ ಯಾವುದು ಎಲ್ಲಿ ಎಂದು ತೋರಿಸಿದಳು, ಮಾವಶಿ ಬಲೆಯ ದಾರದಲ್ಲಿ ಕಟ್ಟಿದಳು. ಗಂಟು ಕಾಣದ ಹಾಗೆ, ಎಲೆಯ ಮರೆಯಲ್ಲಿ. ಇದು ಮೋಸ ಅಲ್ಲವೇ ಎಂದು ನಾನು ಸುಮ್ಮನೆ ಕೆಣಕಿದೆ.

"ಎಂತ ಮೋಸ? ಫಲಾವಳಿ ಅಂದ್ರೆ ಕಟ್ಟೂದೇ ಅಲಾ. ನಾ ನಾಲ್ಕು ದಿನ ಮುಂಚೆ, ನಾಲ್ಕು ಅಡಿ ಕೆಳಗೆ ಕಟ್ಟಿದೆ," ಎಂದಳು ಅಕ್ಕ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂದು ಒಳಗೆ ಓಡಿದಳು.

ಮಾವಶಿಗೆ ಮೀನಿನ ಜಾತಿಯೆಲ್ಲ ಗೊತ್ತು, ಗಿಡದ್ದು ಅಷ್ಟಕ್ಕಷ್ಟೆ. ಬುಟ್ಟಿಯಲ್ಲಿ ಒಂದು ಉಳಿದಿತ್ತು. ಗಟ್ಟಿಯಾಗಿ ಕಂಡ ಗಿಡಕ್ಕೆ ಕಟ್ಟಿ ಕೈ ತೊಳೆದುಕೊಂಡಳು.

ಮಂಡಳಿ ಬಂದೇ ಬಿಟ್ಟಿತು. ಬಿಳಿ ಬೂಟು, ಟೋಪಿ, ಕೈಯಲ್ಲಿ ಬಾಟಲಿ. ಕಾಂಟ್ರಾಕ್ಟರ್ ಟೇಪು ಬಿಚ್ಚಿಕೊಂಡೇ ಒಳಗೆ ಬಂದ. ಭಾವ, ಕಾಯಿ ಕಡಿಮೆ, ಈ ಸಲ ಮಳೆ ಹಾಗೆ ಎಂದು ಮುಂಚೆಯೇ ತಯಾರು ಮಾಡಿಕೊಂಡ ಮಾತು ತೆಗೆಯುವಷ್ಟರಲ್ಲಿ ಒಬ್ಬರು, ಅಬ್ಬ ಏನು ಹೀರೆಕಾಯಿ ಮಾರಾಯ್ರೆ ಎಂದರು. ಭಾವ ತಿರುಗಿ ನೋಡಿದರು. ಹತ್ತಿರ ಹೋಗಿ ಹೀರೆಕಾಯಿ ಹಿಡಿದರು. ಬೆರಳು ಮೇಲೆ ಹೋಯಿತು, ದಾರಕ್ಕೆ ತಾಗಿತು, ಅಲ್ಲೇ ನಿಂತಿತು. ಅಕ್ಕ ಚಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಂದು ಮಾತು ಭಾವನ ಬಾಯಿಂದ ಬಿದ್ದರೆ ಅಂಗಳ ಹೋಯಿತು.

ಆಗಲೇ ಕಾಂಟ್ರಾಕ್ಟರ್ ಹಿಂದಿನಿಂದ ಕೇಳಿದ್ದು: "ಸಾಹೇಬ್ರೆ, ಇದೆಂತ ಇದು? ಬೆಂಡೆ ಗಿಡದಲ್ಲಿ ಮಾದಲಕಾಯಿ?"

ಎಲ್ಲರೂ ಸುತ್ತುಗಟ್ಟಿದರು. ಬೆಂಡೆ ಗಿಡ ಆ ಭಾರಕ್ಕೆ ನಮಸ್ಕಾರ ಮಾಡುವ ಹಾಗೆ ಬಗ್ಗಿತ್ತು. ಭಾವ ಮಾದಲಕಾಯಿಯನ್ನು ನೋಡಿದರು, ಮಂಡಳಿಯನ್ನು ನೋಡಿದರು. ಮುಖದಲ್ಲಿ ಟೈಲ್ಸೂ ಶಹಬ್ಬಾಸೂ ಜಗಳಾಡುವುದು ನನಗೆ ಗೇಟಿನವರೆಗೂ ಕಾಣುತ್ತಿತ್ತು. ಗಂಟಲು ಸರಿಮಾಡಿಕೊಂಡರು.

"ಹೈಬ್ರಿಡ್," ಎಂದರು.

ಆಮೇಲೆ ತಡೆಯುವವರೇ ಇಲ್ಲ. ಏರುಮಡಿಯಲ್ಲಿ ಬೇರಿಗೆ ಗಾಳಿ ಹೇಗೆ ಸಿಗುತ್ತದೆ, ಗಾಳಿ ಸಿಕ್ಕ ಬೇರು ಹೇಗೆ ತನ್ನ ಜಾತಿಯ ಮಿತಿ ಮೀರುತ್ತದೆ ಎಂದೆಲ್ಲ ಚಾ ತಣ್ಣಗಾಗುವವರೆಗೆ ವಿವರಿಸಿದರು. ಆಯುಷ್ಯವೆಲ್ಲ ದೊಡ್ಡ ದೊಡ್ಡ ಕುರ್ಚಿಯಲ್ಲಿ ಕೂತು ರುಜು ಹಾಕಿದವರು, ಒಬ್ಬರಾದರೂ ದಾರ ನೋಡಬೇಕಲ್ಲ, ನೋಡಲಿಲ್ಲ, ಇಬ್ಬರು ಬರೆದುಕೊಂಡರು. ಪರಿಸರದವರು ಕಣ್ಣೀರು ಒರೆಸಿಕೊಂಡರು. ಕಾಂಟ್ರಾಕ್ಟರ್ ಟೇಪು ಸುತ್ತಿ ಕಿಸೆಗೆ ಹಾಕಿಕೊಂಡು, ತನ್ನ ಅಂಗಳದ ಟೈಲ್ಸು ಕೀಳಿಸಿದರೆ ಇಂಥದ್ದೊಂದು ಆದೀತೇ ಎಂದು ಕೇಳಿದ.

ಚವತಿಗೆ ಹೀರೆ, ಮೊಗೆ, ಬೆಂಡೆ ಎಲ್ಲ ಗಿಡದಿಂದ ಬಿಚ್ಚಿ ಫಲಾವಳಿಗೆ ಕಟ್ಟಿದೆವು. ಮಾದಲವನ್ನು ಮಾತ್ರ ಮುಟ್ಟಬೇಡಿ, ಇನ್ನೂ ನೋಡುವವರಿದ್ದಾರೆ ಎಂದರು ಭಾವ. ಟೈಲ್ಸಿನ ಸುದ್ದಿ ಮನೆಯಲ್ಲಿ ಮತ್ತೆ ಬರಲಿಲ್ಲ. ಅಕ್ಕ ಬರಿಗಾಲಲ್ಲಿ ಅಂಗಳದ ಕೆಸರಿನಲ್ಲಿ ಓಡಾಡಿ, ಅದೇ ಕಾಲಲ್ಲಿ ಒಳಗೆ ಬಂದು, ಬೇಕೆಂದೇ ಭಾವನ ಎದುರಿಗೆ ನಡೆಯುತ್ತಿದ್ದಳು.

ಗಣಪತಿ ನೀರಿಗೆ ಹೋದ ಮೇಲೆ ಜನ ಬೀಜ ಕೇಳಲು ಬರತೊಡಗಿದರು. ಭಾವ ನನ್ನ ಕಡೆ ಬೆರಳು ತೋರಿಸಿ, ಬೀಜ ಇವನು ರತ್ನಾಗಿರಿಯಿಂದ ತಂದದ್ದು, ಇವನನ್ನೇ ಕೇಳಿ ಎಂದುಬಿಟ್ಟರು. ಕೇಳಿದವರ ಎದುರಿಗೆ ನನಗೆ ನಗು ತಡೆಯುವುದಿಲ್ಲ. ಅಕ್ಕ ಅದನ್ನು ಗಮನಿಸಿ, ಒಂದು ಬೆಳಿಗ್ಗೆ ಅವಲಕ್ಕಿ ಉಂಡೆ ಕಟ್ಟಿಕೊಟ್ಟು, ನೀ ಇಲ್ಲಿದ್ದರೆ ನನ್ನ ಅಂಗಳ ಉಳಿಯುವುದಿಲ್ಲ, ಗೋವೆಗೋ ಎಲ್ಲಿಗೋ ಹೋಗಿ ಬಾ ಎಂದಳು. ನನಗೂ ಕಾಲು ತುರಿಸುತ್ತಿತ್ತು.

ಕೋಣೆಯಲ್ಲಿ ಚೀಲಕ್ಕೆ ಬಟ್ಟೆ ತುರುಕುತ್ತಿದ್ದೆ. ಭಾವ ಬಂದು ಬಾಗಿಲು ಓರೆ ಮಾಡಿದರು. ಆ ಬೆಳಗಿನ ವಿಷಯ ನಾವಿಬ್ಬರೂ ಒಮ್ಮೆಯೂ ಮಾತಾಡಿರಲಿಲ್ಲ. ಮಂಚದ ತುದಿಯಲ್ಲಿ ಕೂತರು. ಹೊರಗೆ ಅಕ್ಕ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

"ಹೋಗೂದಾದ್ರೆ ಹೋಗು. ಹೋಗುವ ಮೊದಲು ಮಾರ್ಕೆಟ್ಟಿಂದ ಇನ್ನೊಂದು ಮಾದಲಕಾಯಿ ತಂದುಕೊಟ್ಟು ಹೋಗಾ. ಗಿಡದ್ದು ಒಣಗಿದೆ, ನಾಳೆ ಅಂಕೋಲೆಯಿಂದ ನೋಡೂಕೆ ಬರ್ತಾರೆ." ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು. "ಸ್ವಲ್ಪ ದೊಡ್ಡದು ನೋಡಿ ತಾ. ಇಷ್ಟು ದಿನಕ್ಕೆ ಬೆಳೆದಿರಬೇಕಲ್ಲ."